ಎಡಗೈ ಮೇಲೆ ಆರು ಪ್ಲೇಟು

ಬರೋಡೆಯ ರಾವ್‌ಪುರಾ ರಸ್ತೆಯ ತಮ್ಮ ಉಡುಪಿ ಹೋಟೆಲಿನ ಮುಂದೆ ಅಷ್ಟು ಜನ ಸೇರಿದ್ದನ್ನು ಸದಾಶಿವ ರಾಯರು ಗಲ್ಲಾದ ಮೇಲೆ ಕೂತ ಇಪ್ಪತ್ತು ವರ್ಷಗಳಲ್ಲಿ ಕಂಡಿರಲಿಲ್ಲ. ಬಂದವರಿಗೆ ಹಸಿವೇನೂ ಇರಲಿಲ್ಲ. ಅವರು ಬಂದದ್ದು ಹೇತಲ್‌ಗಾಗಿ.

ಹೇತಲ್‌ಗೆ ಒಂಬತ್ತು ವರ್ಷ, ರಕ್ತದ ಕ್ಯಾನ್ಸರ್. ಮುಂಬಯಿಯ ಡಾಕ್ಟರರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಏನು ಬೇಕು ಮಗು ಎಂದು ಶಾಲೆಯ ಟೀಚರ್ ಕೇಳಿದರೆ, ಗೊಂಬೆಯನ್ನಾಗಲಿ ಸೈಕಲನ್ನಾಗಲಿ ಕೇಳದೆ, ಒಂದು ದಿನ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಬೇಕು ಎಂದಿದ್ದಳು. ಟೀಚರ್ ಅದನ್ನು ಪತ್ರಿಕೆಗೆ ಬರೆದರು. ಓದಿದ ಊರಿಗೆ ಊರೇ ಆ ಭಾನುವಾರ ಎದ್ದು ಬಂತು.

ದರ್ಜಿಯೊಬ್ಬ ಅವಳ ಅಳತೆಗೆ ಖಾಕಿ ಅಂಗಿ ಹೊಲಿದು ತಂದಿದ್ದ. ಮಗುವಿಗೆ ನೆನಪಿಡಲು ಕಷ್ಟವಾಗಬಾರದೆಂದು ಒಬ್ಬೊಬ್ಬರೂ ಒಂದೊಂದೇ ತಿಂಡಿ ಹೇಳಬೇಕೆಂದು ಸಾಲಿನಲ್ಲಿ ನಿಂತವರೇ ತೀರ್ಮಾನಿಸಿಕೊಂಡರು. ದೋಸೆ ಕೇಳಿದ ನಿವೃತ್ತ ಜಡ್ಜ್ ಸಾಹೇಬರಿಗೆ ಉಪ್ಪಿಟ್ಟು ಬಂತು. ಅವರು ಚಕಾರವೆತ್ತದೆ ತಿಂದು, ಇಂಥ ದೋಸೆ ಜನ್ಮದಲ್ಲಿ ತಿಂದಿಲ್ಲ ಎಂದರು. ಹೊರಗೆ ಆಟೋದವರು ಹಾರ್ನ್ ಹೊಡೆಯಲಿಲ್ಲ. ಬರೋಡೆಯಲ್ಲಿ ಅದೇನೂ ಸಣ್ಣ ಮಾತಲ್ಲ.

ಈ ಆಸೆ ಹುಟ್ಟಿಸಿದವಳು ಹೇತಲಳ ಅಜ್ಜಿ ಕಾಂತಾಬಾ, ಹೋಟೆಲಿನ ಹಿಂದಿನ ಓಣಿಯವಳು; ಮೊಮ್ಮಗಳು ಅವಳನ್ನು ‘ಬಾ’ ಎಂದೇ ಕರೆಯುತ್ತಿದ್ದಳು. ಸದಾಶಿವ ಕಾಕಾ ಹುಡುಗನಾಗಿದ್ದಾಗ ಇದೇ ಹೋಟೆಲಿನಲ್ಲಿ ಎಡಗೈ ಮೇಲೆ ಆರು ಪ್ಲೇಟು ಜೋಡಿಸಿಕೊಂಡು ಓಡುತ್ತಿದ್ದ, ಒಂದು ತೊಟ್ಟು ಸಾಂಬಾರು ಚೆಲ್ಲುತ್ತಿರಲಿಲ್ಲ ಎಂದು ಮೊಮ್ಮಗಳಿಗೆ ನೂರು ಸಲ ಹೇಳಿದ್ದಳು.

ಹನ್ನೊಂದು ಗಂಟೆಗೆಲ್ಲ ಹೇತಲ್ ಸುಸ್ತಾದಳು. ಕುರ್ಚಿಯಲ್ಲಿ ಕೂರಿಸಿದರು.

“ಕಾಕಾ, ಈಗ ನೀವು. ಆರು ಪ್ಲೇಟು ತೋರಿಸಿ. ಅದನ್ನ ನೋಡೋಕೇ ನಾನು ಬಂದಿದ್ದು.”

ಹೋಟೆಲೆಲ್ಲ ಗಲ್ಲಾದ ಕಡೆ ತಿರುಗಿತು. ಸದಾಶಿವ ರಾಯರ ಕಣ್ಣು ಮಾತ್ರ ಮೂಲೆಯ ಮೇಜಿಗೆ ಹೋಯಿತು. ಅಲ್ಲಿ ಬ್ಯಾಂಕಿನ ಪದ್ಮನಾಭರು ತಮ್ಮ ಅಕ್ಕನೊಂದಿಗೆ ಕೂತಿದ್ದರು. ಆ ಅಕ್ಕನ ಮಗನಿಗೆ ರಾಯರ ಮಗಳು ಜಯಂತಿಯನ್ನು ಕೊಡುವ ಮಾತು ಮುಕ್ಕಾಲುಪಾಲು ಮುಗಿದಿತ್ತು. “ನಮ್ಮ ಅಕ್ಕನಿಗೆ ಈ ಹೋಟೆಲ್ ಮಾಣಿಗಳ ಸಂಬಂಧ ಅಂದ್ರೆ ಆಗುದಿಲ್ಲ ಮಾರಾಯ್ರೆ. ನೀವಾದ್ರೆ ಓದಿದವರು” ಎಂದಿದ್ದರು ಪದ್ಮನಾಭರು. ಬಿ.ಕಾಂ. ಮುಗಿಸಿ ವ್ಯಾಪಾರಕ್ಕೆ ಇಳಿದೆ ಎಂದು ರಾಯರೇ ಅವರಿಗೆ ಹೇಳಿಕೊಂಡಿದ್ದರು. ಹಳೆಯ ಧಣಿ ತೀರಿಕೊಂಡಿದ್ದರು, ಜೊತೆಯ ಮಾಣಿಗಳೆಲ್ಲ ಊರು ಸೇರಿದ್ದರು. ಇನ್ನು ಕೇಳುವವರು ಯಾರು?

“ಅದು ನಾನಲ್ಲ ಬೇಟಾ” ಎಂದರು ರಾಯರು. “ಬೇರೆ ಯಾರೋ ಇರಬೇಕು. ನಾನು ಪ್ಲೇಟು ಹೊತ್ತವನಲ್ಲ.”

ಹೇತಲ್ ಅಜ್ಜಿಯ ಕಡೆ ತಿರುಗಿದಳು. “ಬಾ, ನೀನು ಸುಳ್ಳು ಹೇಳಿದ್ಯಾ?”

ಕಾಂತಾಬಾ ರಾಯರನ್ನು ಒಮ್ಮೆ ನೋಡಿದಳು. ಹದಿನಾರರ ವಯಸ್ಸಿನಲ್ಲಿ ಅವರು ಜ್ವರದಿಂದ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಮಲಗಿದ್ದಾಗ ಎಂಟು ದಿನ ಖಿಚಡಿ ತಂದು ತಿನ್ನಿಸಿದವಳು ಅವಳೇ.

“ವಯಸ್ಸಾಯ್ತಲ್ಲ ಮಗಾ” ಎಂದಳು. “ಯಾರನ್ನೋ ಯಾರೋ ಅಂದ್ಕೊಂಡೆ.”

“ಹೋಗಲಿ ಬಿಡು, ಬಾ” ಎಂದು ಮಗು ಅಜ್ಜಿಯ ಕೈ ಸವರಿತು. ಯಾರೋ ನಕ್ಕರು, ಹೊರಗೆ ಮಗುವಿಗೆಂದು ಕರೆಸಿದ್ದ ಬ್ಯಾಂಡು ಶುರುವಾಯಿತು, ಪದ್ಮನಾಭರು ಇನ್ನೊಂದು ಕಾಫಿ ತರಿಸಿಕೊಂಡರು.

ಬಿ.ಕಾಂ. ರಾಯರ ಮಾನ ಉಳಿಯಿತು. ಆದರೆ ಆ ದಿನದಿಂದ ಸ್ನಾನಕ್ಕೆ ನಿಂತರೆ ಎಡಮೊಣಕೈ ಹತ್ತಿರ ಬಿಸಿ ಪ್ಲೇಟು ಸುಟ್ಟ ಹಳೆಯ ಕಲೆ ಕಾಣುತ್ತಿತ್ತು. ಸಾಯುವ ಮಗುವಿನ ಮುಂದೆ ಮುದುಕಿಯನ್ನು ಸುಳ್ಳಿಯನ್ನಾಗಿ ಮಾಡಿದೆನಲ್ಲ ಎಂದು ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಬೈಯಬೇಕಾದವಳು ಬೈಯದೇ ಬಿಟ್ಟದ್ದಂತೂ ಸಹಿಸಲಾಗದ ಶಿಕ್ಷೆಯಾಗಿತ್ತು.

ಐದನೆಯ ದಿನ ಬೆಳಿಗ್ಗೆ ಟಿಫಿನ್ ಕ್ಯಾರಿಯರಿನಲ್ಲಿ ದೋಸೆ, ಸಾಂಬಾರು ತುಂಬಿಸಿ, ಆರು ಪ್ಲೇಟು ಕಟ್ಟಿಕೊಂಡು ಕಾಂತಾಬಾಳ ಮನೆಗೆ ಹೋದರು. ಅವಳು ಅಡುಗೆಮನೆ ತೋರಿಸಿದಳು. ಅಂಗೈಯಿಂದ ಮೊಣಕೈವರೆಗೆ ಆರನ್ನೂ ಜೋಡಿಸಿಕೊಂಡು ರಾಯರು ಮಗುವಿನ ಕೋಣೆಗೆ ಹೋದರು. ಕೈ ಮರೆತಿರಲಿಲ್ಲ.

ಹೇತಲ್ ದಿಂಬಿನಿಂದ ತಲೆ ಎತ್ತಲಾರದೆ ಕಣ್ಣಷ್ಟೇ ಅರಳಿಸಿದಳು. “ಕಾಕಾ, ಆ ಮನುಷ್ಯನ್ನ ಹುಡುಕಿ ಕಲಿತುಕೊಂಡು ಬಂದ್ರಾ? ನನಗೋಸ್ಕರ?”

ಹೂಂ ಎಂದರೆ ಮುಗಿಯುತ್ತಿತ್ತು. ದೇವರಂಥ ಮನುಷ್ಯ ಎನ್ನಿಸಿಕೊಳ್ಳಲೂಬಹುದಿತ್ತು. ಬಾಗಿಲಲ್ಲಿ ನಿಂತ ಕಾಂತಾಬಾ ಈ ಸಲವೂ ಬಾಯಿ ಬಿಡುವವಳಲ್ಲ ಎಂದು ಅವರಿಗೆ ಗೊತ್ತಿತ್ತು.

“ಇಲ್ಲ ಬೇಟಾ. ನಿನ್ನ ಬಾ ಹೇಳಿದ್ದೇ ನಿಜ. ಅದು ನಾನೇ. ಸುಳ್ಳು ಹೇಳಿದವನು ನಾನು.”

ಮಗುವಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

“ಮತ್ತೆ ಆವತ್ತು ಯಾಕೆ ಮಾಡ್ಲಿಲ್ಲ ಕಾಕಾ? ಎಲ್ಲರೂ ಇದ್ರಲ್ಲ. ಎಲ್ಲರೂ ನಿಮಗೆ ಚಪ್ಪಾಳೆ ಹೊಡೀತಿದ್ರು.”

ಒಂದು ಪ್ಲೇಟು ವಾಲಿ, ಸಾಂಬಾರು ರಾಯರ ಅಂಗಿಯ ತೋಳಿನ ಮೇಲೆ ಚೆಲ್ಲಿತು. ಕಾಂತಾಬಾ ಹತ್ತಿರ ಬಂದು ಒಂದೊಂದಾಗಿ ಪ್ಲೇಟು ತೆಗೆದು ಮೇಜಿನ ಮೇಲಿಟ್ಟಳು. ಆರನೆಯದನ್ನು ತೆಗೆದ ಮೇಲೂ ರಾಯರು ಆ ಕೈಯನ್ನು ಚಾಚಿಕೊಂಡೇ ನಿಂತಿದ್ದರು.