ಪೇಪರಿನಲ್ಲಿ ಬಂದ ನೀರು

ಬೀದಿಯ ಕೊಳಾಯಿಗೆ ನೀರು ಬರುತ್ತಿಲ್ಲ ಎಂದು ದೂರು ಹೇಳಲು ಚನ್ನಾಜಮ್ಮ ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿದ್ದಳು. ತಾಲ್ಲೂಕು ಪಂಚಾಯ್ತಿ ಕಚೇರಿಯ ಗುಮಾಸ್ತ ಅವಳ ಮಾತು ಮುಗಿಯುವ ಮುಂಚೆಯೇ ಮೇಜಿನ ಮೇಲಿದ್ದ ಪೇಪರನ್ನು ಅವಳ ಕಡೆ ತಳ್ಳಿದ.

"ನಿಮ್ಮೂರಿಗೆ ನೀರು ಬಂತಲ್ಲಮ್ಮ. ಫೋಟೋನೂ ಹಾಕವ್ರೆ, ನೋಡಿ."

ಹೌದು, ಫೋಟೋ ಇತ್ತು. ಮುಖಂಡ ಶಂಭುಲಿಂಗಪ್ಪ ಹಾರ ಹಾಕಿಕೊಂಡು ಕೊಳಾಯಿಯ ಮುಂದೆ ಕೈಮುಗಿದು ನಿಂತಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ "ಮನೆಮನೆಗೂ ಬಂತು ನೀರು" ಎಂದಿತ್ತು.

"ಪೇಪರಲ್ಲಿ ಬಂದದೆ ಸಾ. ಕೊಳಾಯೀಲಿ ಬಂದಿಲ್ಲ."

"ಹಂಗಂದ್ರೆ ಪೇಪರ್‌ನೋರು ಸುಳ್ಳು ಬರೀತಾರಾ? ಹೋಗಿ, ಸರಿಯಾಗಿ ತಿರುಗಿಸಿ ನೋಡಿ."

ಇದು ನಡೆದದ್ದು ಎರಡು ಸಾವಿರದ ನಾಲ್ಕರಲ್ಲಿ. ಹುಲ್ಲಹಳ್ಳಿ ಹತ್ತಿರದ ಆ ಪುಟ್ಟ ಊರಿನಲ್ಲಿ ಹಿಂದಿನ ವರ್ಷ ನೀರಿನ ಟ್ಯಾಂಕು ಕಟ್ಟಿದ್ದರು. ಮುಂದಲ ಬೀದಿಗೆ ನೀರು ಬಂತು. ಹಿಂದಲ ಬೀದಿಯ ಇಪ್ಪತ್ತೆರಡು ಮನೆಗಳ ಮುಂದೆ ಕೊಳಾಯಿ ನಿಲ್ಲಿಸಿದರು. ಆದರೆ ಪೈಪು ಮಾತ್ರ ತಿರುವಿನ ತನಕ ಬಂದು ನಿಂತುಬಿಟ್ಟಿತ್ತು. ಕರೆಂಟು ಇದ್ದಾಗ ಅರ್ಧ ಮೈಲಿ ಆಚೆಯ ತೋಟದ ಪಂಪ್‌ಸೆಟ್ಟಿಗೆ ಹೋಗಿ ಆ ಬೀದಿಯ ಹೆಂಗಸರು ನೀರು ಹೊರುತ್ತಿದ್ದರು.

ಮನೆಗೆ ಬಂದರೆ ಗಂಡ ಗುರುಮಲ್ಲಪ್ಪನದು ಇನ್ನೊಂದು ರಾಗ. ಅವನು ಶಂಭುಲಿಂಗಪ್ಪನವರ ಕಡೆಯವನು.

"ನಮ್ಮೋರ ಎಸ್ರು ಕೆಡ್ಸಕ್ಕೆ ಆಫೀಸ್‌ಗೆ ಓಗಿದ್ದಾ? ಪೇಪರಲ್ಲಿ ಬಂದ್ಮೇಲೆ ಮುಗೀತು ಕಣಮ್ಮಿ. ಇವತ್ತಲ್ಲ ನಾಳೆ ನೀರು ಬತ್ತದೆ."

"ಅಲ್ಲೀವರ್ಗೂ ಕೊಡ ಒರೋರ್ ಯಾರು? ನಿಮ್ ಶಂಭುಲಿಂಗಪ್ಪನೋರಾ?"

ಅವನು ಟವೆಲ್ ಕೊಡವಿಕೊಂಡು ಹೊರಗೆ ಹೋದ.

ಗುರುವಾರ ಸ್ವಸಹಾಯ ಸಂಘದ ಸಭೆ. ಪಂಚಾಯ್ತಿ ಗ್ರಂಥಾಲಯದ ಜಗಲಿಯ ಮೇಲೆ ಹೆಂಗಸರು ಸೇರುತ್ತಿದ್ದರು. ಚನ್ನಾಜಮ್ಮ ಕೂರುವ ಮುಂಚೆಯೇ ಒಳಗೆ ನುಗ್ಗಿದಳು.

"ಈ ಪೇಪರ್‌ಗಳ್ನೆಲ್ಲ ಒಲೆಗೆ ಆಕು ಚೆಲುವರಾಜು. ಎಲ್ಲಾ ಮಾರ್ಕೊಂಡವ್ರೆ."

ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಚೆಲುವರಾಜು ಅದೇ ವಾರದ ಇನ್ನೊಂದು ಪೇಪರನ್ನು ತೆಗೆದುಕೊಟ್ಟ. "ಒಲೆಗೆ ಆಕೋ ಮುಂಚೆ ಇದ್ನೂ ಓದಿ ಅಕ್ಕ."

ಅದರಲ್ಲಿ "ಟ್ಯಾಂಕ್ ಕಟ್ಟದೆ ಜನರಿಗೆ ಟೋಪಿ" ಎಂದಿತ್ತು. ಶಂಭುಲಿಂಗಪ್ಪನವರ ಎದುರಾಳಿ ಶಿವಸ್ವಾಮಿಯವರ ಫೋಟೋ ಇತ್ತು. ಚನ್ನಾಜಮ್ಮ ಕಿಟಕಿಯಿಂದ ಆಚೆ ನೋಡಿದಳು. ಟ್ಯಾಂಕು ಕಣ್ಣೆದುರಿಗೇ ನಿಂತಿತ್ತು.

"ಅಯ್ಯೋ, ಇಷ್ಟು ದೊಡ್ಡ ಟ್ಯಾಂಕು ಇವ್ರಿಗೆ ಕಾಣಕಿಲ್ವಾ? ಒಂದು ಪೇಪರು ಅವ್ರ ಕಡೆ, ಒಂದು ಇವ್ರ ಕಡೆ. ನಮ್ ಬೀದಿ ಕಡೆ ಯಾವ್ದಪ್ಪಾ?"

"ಎರಡ್ರಲ್ಲೂ ಕೊನೆ ಸಾಲು ಓದಿ."

ಏಳನೇ ಕ್ಲಾಸಿನವರೆಗೆ ಓದಿದ್ದ ಚನ್ನಾಜಮ್ಮ ಬೆರಳಿಟ್ಟು ಓದಿದಳು. ಒಂದರಲ್ಲಿ "ಎಂದು ಶಂಭುಲಿಂಗಪ್ಪ ತಿಳಿಸಿದರು." ಇನ್ನೊಂದರಲ್ಲಿ "ಎಂದು ಶಿವಸ್ವಾಮಿ ಆರೋಪಿಸಿದರು."

"ಊರಿಗೆ ಬಂದೆ, ಕೊಳಾಯಿ ತಿರುಗಿಸ್ದೆ ಅಂತ ಯಾರಾದ್ರೂ ಬರ್ದವ್ರಾ?" ಎಂದ ಚೆಲುವರಾಜು. "ಇದು ಅವ್ರು ಬಾಯಲ್ಲಿ ಏಳಿದ್ದು. ನಡ್ದಿದ್ದು ಬೇರೆ."

"ಮತ್ತೆ ಇದ್ನ ಓದಿ ಏನು ಬಂತು?"

"ಓದ್ದೆ ಇದ್ರೆ ಗುಮಾಸ್ತ ಪೇಪರ್ ತಳ್ದಾಗ ಏನಂತ ಉತ್ರ ಕೊಡ್ತೀರಿ? ಎರಡ್ನೂ ಓದಿ. ಊರಲ್ಲಿ ಏನಾಗದೆ ನೋಡಿ. ತಪ್ಪಿದ್ರೆ ಸಂಪಾದಕರಿಗೇ ಕಾಗ್ದ ಬರೀರಿ. ಓದುಗರ ಪತ್ರ ಅಂತ ಜಾಗ ಇಟ್ಟವ್ರಲ್ಲ, ಅದು ನಿಮ್ಮಂತೋರಿಗೇಯ."

ಚನ್ನಾಜಮ್ಮ ಅಲ್ಲೇ ಕೂತು ಎರಡು ಹಾಳೆ ತುಂಬ ಇಬ್ಬರು ಮುಖಂಡರನ್ನೂ ಬೈದು ಬರೆದಳು.

"ಬೈಗುಳ ತೆಗೀರಿ ಅಕ್ಕ. ಇಲ್ದಿದ್ರೆ ಎದುರು ಪಾರ್ಟಿಯೋರು ಬರೆಸವ್ರೆ ಅಂತಾರೆ."

ಗೊಣಗಿಕೊಂಡೇ ಹೊಡೆದುಹಾಕಿದಳು. ಕೊನೆಗೆ ನಾಲ್ಕು ಸಾಲು ಉಳಿಯಿತು: ಟ್ಯಾಂಕು ಕಟ್ಟಿದ್ದಾರೆ. ಮುಂದಲ ಬೀದಿಗೆ ನೀರು ಬರುತ್ತಿದೆ. ಹಿಂದಲ ಬೀದಿಯ ಇಪ್ಪತ್ತೆರಡು ಕೊಳಾಯಿಗೆ ಪೈಪು ಹಾಕಿಲ್ಲ. ಬಂದು ನೋಡಿ.

ಸಂಘದವರೆಲ್ಲ ಸಹಿ ಹಾಕಿದರು. ಎರಡೂ ಪೇಪರಿಗೆ ಒಂದೊಂದು, ಕಚೇರಿಗೆ ಒಂದು ಕಳಿಸಿದರು. ಟ್ಯಾಂಕೇ ಇಲ್ಲ ಎಂದಿದ್ದ ಪೇಪರು ಎಂಟು ದಿನಕ್ಕೆ ಪತ್ರವನ್ನು ಹಾಕಿತು. ಟ್ಯಾಂಕು ಕಟ್ಟಿದ್ದಾರೆ ಎಂಬ ಮೊದಲ ಸಾಲನ್ನು ಮಾತ್ರ ಕತ್ತರಿಸಿತ್ತು. ಇನ್ನೊಂದು ಪೇಪರು ಹಾಕಲೇ ಇಲ್ಲ. ಎರಡನೇ ಸಲ ಬರೆದರೂ ಇಲ್ಲ. ಚನ್ನಾಜಮ್ಮನಿಗೆ ತಲೆ ಕೆಟ್ಟುಹೋಯಿತು. ನೆರೆಮನೆಯ ಮಾದಮ್ಮನನ್ನು ಕರೆದುಕೊಂಡು ನಂಜನಗೂಡಿಗೆ ಹೋಗಿ ಆ ಪೇಪರಿನ ವರದಿಗಾರ ಮದನ್‌ನ ಮುಂದೆ ನಿಂತಳು.

"ದಿನಕ್ಕೆ ಹತ್ತು ಹೇಳಿಕೆ ಬರ್ತವೆ ಅಮ್ಮ," ಎಂದ ಅವನು. "ಎಲ್ಲಾ ಊರಿಗೂ ಹೋಗಿ ನೋಡೋಕೆ ಆಗುತ್ತಾ?"

"ಎಲ್ಲಾ ಊರಿಗೂ ಬ್ಯಾಡ ಸಾ. ನಮ್ಮೂರಿಗೆ ಬನ್ನಿ. ನೋಡ್ದೆ ಇದ್ರೆ ನೀರು ಬಂತು ಅಂತ್ಲೂ ಬರೀಬ್ಯಾಡಿ."

ಮದನ್ ಊರಿನ ಹೆಸರು ಬರೆದುಕೊಂಡ. ಭಾನುವಾರ ಸ್ಕೂಟರಿನಲ್ಲಿ ಬಂದ.

ಅವನನ್ನು ಮೊದಲು ಎದುರುಗೊಂಡವನು ಗುರುಮಲ್ಲಪ್ಪ. ತಮ್ಮವರ ಮರ್ಯಾದೆ ಉಳಿಸಬೇಕಲ್ಲ! "ಎಂಗುಸ್ರು ಮಾತು ಬುಡಿ ಸಾ. ಸ್ವಲ್ಪ ಬಿಗಿ ಅದೆ, ಅಷ್ಟೇಯ," ಎಂದು ತಾನೇ ಮೊದಲ ಕೊಳಾಯಿ ತಿರುಗಿಸಿದ. ಇಲ್ಲ. ಎರಡನೆಯದು. ಇಲ್ಲ. ಮೂರು, ನಾಲ್ಕು ಎಂದು ಬೀದಿಯುದ್ದಕ್ಕೂ ತಿರುಗಿಸುತ್ತ ಹೋದ. ಹನ್ನೊಂದನೆಯದರ ಬಾಯಿಂದ ಒಂದು ಜೇಡ ಇಳಿದು ಬಂತು. ಗುರುಮಲ್ಲಪ್ಪ ಅಲ್ಲೇ ನಿಂತ.

ಅಷ್ಟು ಹೊತ್ತಿಗೆ ಚನ್ನಾಜಮ್ಮ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ತೋಟದ ಕಡೆಯಿಂದ ಬರುತ್ತಿದ್ದಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಮೊದಲ ಸಲ ಗುರುಮಲ್ಲಪ್ಪ ನಡುಬೀದಿಯಲ್ಲಿ ಹೆಂಡತಿಯ ಸೊಂಟದ ಕೊಡ ತೆಗೆದುಕೊಂಡ. ಮದನ್ ಕಡೆ ತಿರುಗಿದ.

"ನೀರು ಬರಕಿಲ್ಲ ಸಾ. ಬರ್ಕಳಿ. ನನ್ನೆಸ್ರು ಆಕ್ಕಂಡೇ ಬರ್ಕಳಿ."

ಆ ವಾರ ಒಣಗಿದ ಕೊಳಾಯಿಯ ಫೋಟೋ ಪೇಪರಿನಲ್ಲಿ ಬಂತು. ಗುಮಾಸ್ತನಿಗೆ ಈಗ ತಳ್ಳಲು ಪೇಪರಿರಲಿಲ್ಲ. ಇನ್ನೂ ನಾಲ್ಕು ಸಲ ಬಸ್ಸು ಹತ್ತಿದ ಮೇಲೆ, ಎರಡು ತಿಂಗಳಿಗೆ ಪೈಪು ಹಾಕಿದರು.

ನೀರು ಬಂದ ಮಾರನೆಯ ದಿನ ಒಂದು ಪೇಪರು "ಶಂಭುಲಿಂಗಪ್ಪ ಶ್ರಮಕ್ಕೆ ಫಲ" ಎಂದು ಬರೆಯಿತು. ಇನ್ನೊಂದು "ಶಿವಸ್ವಾಮಿ ಹೋರಾಟಕ್ಕೆ ಜಯ" ಎಂದಿತು. ಚನ್ನಾಜಮ್ಮ ಹಣೆ ಚಚ್ಚಿಕೊಂಡಳು.

ಗುರುಮಲ್ಲಪ್ಪ ಎರಡನ್ನೂ ಕೊನೆ ಸಾಲಿನ ತನಕ ಓದಿದ. "ಕೊನೇ ಮೂರು ಮನೆಗೆ ಇನ್ನೂ ನೀರು ಅತ್ತಿಲ್ಲ. ಅದ್ನ ಒಬ್ರೂ ಬರ್ದಿಲ್ವಲ್ಲ ಅಮ್ಮಿ," ಎಂದು ಪೆನ್ನು ಹುಡುಕಲು ಎದ್ದ.

ಈ ಕಥೆ ಓದಿದ, ಕೇಳಿದ ಅಕ್ಕ ಅಣ್ಣಂದಿರೇ, ನಿಮ್ಮೂರಿನ ಸುದ್ದಿಯೂ ಪೇಪರಿನಲ್ಲಿ ಬರುತ್ತದೆ. ನಿಮ್ಮ ಕಡೆಯವರನ್ನು ಹೊಗಳಿದೆ ಎಂದು ನಂಬಬೇಡಿ, ಬೈದಿದೆ ಎಂದು ಹರಿದುಹಾಕಲೂ ಬೇಡಿ. ಯಾರು ಹೇಳಿದ್ದು, ಯಾರು ಕಣ್ಣಾರೆ ಕಂಡದ್ದು ಎಂದು ಕೇಳಿ. ಇನ್ನೊಂದು ಪೇಪರನ್ನೂ ಓದಿ. ಆಮೇಲೆ ಎದ್ದು ಹೋಗಿ ನೀವೇ ನೋಡಿ. ತಪ್ಪಿದ್ದರೆ ಹೆಸರು ಹಾಕಿ ನಾಲ್ಕು ಸಾಲು ಬರೆಯಿರಿ. ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ನಿಮ್ಮ ಬೀದಿಯ ವಿಷಯ ನಿಮಗಿಂತ ಚೆನ್ನಾಗಿ ಯಾವ ವರದಿಗಾರನಿಗೂ, ಯಾವ ಮುಖಂಡನಿಗೂ ಗೊತ್ತಿಲ್ಲ.