ಯಾವ ಬಣಕ್ಕೂ ಸೇರದ ಹಾಲೇಶ

ಜಗತ್ತು ಸುಟ್ಟು ಬೂದಿಯಾಗಿ ಇನ್ನೂರು ವರ್ಷವಾಗಿತ್ತು. ಆದರೂ ಕಂಪ್ಲಿಯ ರೈಸ್ ಮಿಲ್ಲಿನ ಮಾಲೀಕ ಹಾಲೇಶನಿಗೆ ಅಲ್ಲಿ ಒಬ್ಬ ವೈರಿಯೂ ಇರಲಿಲ್ಲ. ಅದು ಕಂಪ್ಯೂಟರಿನ ಆಟ. ಅಣುಯುದ್ಧ ಮುಗಿದ ಮೇಲೆ ಉಳಿದದ್ದು ಒಂದೇ ಅಣೆಕಟ್ಟು. ಅದಕ್ಕಾಗಿ ಹೊಡೆದಾಡುವ ಬಣ ಎರಡು: ಸಮವಸ್ತ್ರದ ಸೈನ್ಯ, ತಗಡಿನ ಕವಚ ತೊಟ್ಟ ನೀರುಗಳ್ಳರು. ಆಡುವವನು ಯಾವ ಬಣ ಬೇಕಾದರೂ ಸೇರಬಹುದು, ಸೇರದೆಯೂ ತಿರುಗಬಹುದು. ಅಷ್ಟು ಸ್ವಾತಂತ್ರ್ಯ ಇದೆ ಎಂದೇ ಆ ಆಟಕ್ಕೆ ಹೆಸರು. ಹಾಲೇಶ ಎಂಟು ತಿಂಗಳಿಂದ ಸೇರದೆಯೇ ತಿರುಗುತ್ತಿದ್ದ. ಸೈನ್ಯಕ್ಕೆ ಔಷಧಿ ಮುಟ್ಟಿಸುವುದು, ಅಲ್ಲಿಂದ ನೇರ ಕಳ್ಳರಿಗೆ ಗುಂಡು ಮುಟ್ಟಿಸುವುದು. "ಇಲ್ಲಿಂದ ಮುಂದೆ ಹೋದರೆ ಒಂದು ಬಣ ನಿಮ್ಮ ವೈರಿಯಾಗುತ್ತದೆ" ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದಾಗಲೆಲ್ಲ, ಹಿಂದೆ ಸೇವ್ ಮಾಡಿಟ್ಟಿದ್ದ ಆಟಕ್ಕೆ ಸದ್ದಿಲ್ಲದೆ ವಾಪಸಾಗುತ್ತಿದ್ದ.

ಮನೆಯಲ್ಲಿ ಹಾಗೆ ವಾಪಸಾಗಲು ಬಟನ್ ಇರಲಿಲ್ಲ, ಅಷ್ಟೇ ತೊಂದರೆ. ಹೆಂಡತಿ ಸೌಜನ್ಯಳಿಗೆ ಹೊಸಪೇಟೆಯ ಬ್ಯಾಂಕಿನಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ನಿಂತು ನಿಂತು ಬೆನ್ನು ಹಿಡಿದುಕೊಂಡಿತ್ತು. ಅಲ್ಲೇ ಒಂದು ಬಾಡಿಗೆ ಮನೆ ನೋಡಿಟ್ಟಿದ್ದೇನೆ, ಹೋಗೋಣ ಎಂದಳು. ಹಾಲೇಶ ಹೂಂ ಎಂದ. ಮಿಲ್ಲು ಬಿಟ್ಟು ಎಲ್ಲಿಗೂ ಹೋಗಕೂಡದು ಎಂದಳು ತಾಯಿ ಮರುಳಸಿದ್ದಮ್ಮ. ಹಾಲೇಶ ಅದಕ್ಕೂ ಹೂಂ ಎಂದ. ಇದು ಅಡುಗೆಮನೆಯಲ್ಲಿ ಬಯಲಾಗಲು ಮೂರು ದಿನ ಹಿಡಿಯಿತು. ಸೌಜನ್ಯ ಕೂಗಾಡಲಿಲ್ಲ.

"ಸೋಮವಾರದೊಳಗ ಒಂದು ಮಾತು ಹೇಳ್ರಿ. ಇಲ್ಲಾಂದ್ರ ನಾ ಒಬ್ಬಾಕೀನೇ ಹೋಗ್ತೀನಿ," ಎಂದಳು.

ಅವಳಿಲ್ಲದ ಮನೆಯನ್ನು ನೆನೆದು ಹಾಲೇಶನಿಗೆ ಕೈಕಾಲು ತಣ್ಣಗಾದವು. ಅವ್ವನ ಮುಖ ನೆನೆದರೂ ಅಷ್ಟೇ ತಣ್ಣಗಾದವು.

ಕೊನೆಗೆ ಅವ್ವನೇ, ವೀರಭದ್ರ ದೇವರ ಹತ್ತಿರ ಹೂ ಕೇಳೋಣ ಎಂದಳು. ದೇವರ ಎರಡೂ ಹೆಗಲಿಗೆ ಗಂಧದಲ್ಲಿ ಒಂದೊಂದು ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೊಸಪೇಟೆ, ಎಡಗಡೆಯದು ಬಿದ್ದರೆ ಕಂಪ್ಲಿ. ಸೌಜನ್ಯಳೂ ಒಪ್ಪಿದಳು. ಗಂಧ ತೇಯುವ ಕೆಲಸ ಮಾತ್ರ, ಆ ಗುಡಿಯ ಪದ್ಧತಿಯಂತೆ, ಕೇಳಲು ಬಂದ ಮನೆಯ ಗಂಡಸಿನದು.

ಅಲ್ಲಿ ಹಾಲೇಶನ ತಲೆ ಓಡಿತು. ಯಾವ ಹೂವೂ ಬೀಳದಿದ್ದರೆ? ಇನ್ನೂ ಸ್ವಲ್ಪ ತಡೆಯಿರಿ ಎಂದು ದೇವರೇ ಹೇಳಿದಂತಾಯಿತು, ಯಾರಿಗೂ ಬೇಜಾರಿಲ್ಲ. ಅಕ್ಕಿ ಮಿಲ್ಲಿನವನು ಅಂಟು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಒಂದು ಡಬ್ಬಿ ದಪ್ಪ ಗಂಜಿ ಒಯ್ದು, ಗಂಧಕ್ಕೆ ಧಾರಾಳವಾಗಿ ಬೆರೆಸಿದ.

ಪೂಜಾರಿ ರೇವಣಸಿದ್ದಯ್ಯ ಎಂಟು ಗಂಟೆಗೆ ಹೂ ಏರಿಸಿದ. ಒಂಬತ್ತಾಯಿತು, ಹತ್ತಾಯಿತು. ಮಂಗಳಾರತಿ ಎರಡು ಸಲ ಆಯಿತು. ಗಂಟೆ ಬಾರಿಸಿದ ರಭಸಕ್ಕೆ ಗೋಡೆಯ ಸುಣ್ಣ ಉದುರಿತು, ಹೂ ಉದುರಲಿಲ್ಲ.

"ನನ್ನ ಸರ್ವಿಸ್‌ನಾಗ ಹಿಂಗ ಆಗಿಲ್ರೀ," ಎಂದು ಪೂಜಾರಿ ಬೆವರು ಒರೆಸಿಕೊಂಡ. ಹಾಲೇಶ ಭಕ್ತಿಯಿಂದ ಕಣ್ಣು ಮುಚ್ಚಿ ಕುಳಿತಿದ್ದ.

ಹನ್ನೊಂದಕ್ಕೆ ಮರುಳಸಿದ್ದಮ್ಮ ಎದ್ದು, ಗಂಧದ ಬಟ್ಟಲಿಗೆ ಬೆರಳು ಹಾಕಿ ಮೂಸಿದಳು. ತೀರಿಹೋದ ಗಂಡನ ಧೋತರಕ್ಕೆ ಜೀವಮಾನವೆಲ್ಲ ಗಂಜಿ ಹಾಕಿದ ಕೈ ಅದು. ಬೆರಳನ್ನು ಸೊಸೆಯ ಮೂಗಿನ ಹತ್ತಿರ ಹಿಡಿದಳು. ಅಡುಗೆಮನೆಯ ಆ ದಿನದಿಂದ ಮಾತು ಬಿಟ್ಟಿದ್ದ ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ದೇವ್ರ ಬಾಯಿನೂ ಕಟ್ಟ್ಯಾನಲ್ಲ ಇವ," ಎಂದಳು ಮರುಳಸಿದ್ದಮ್ಮ. "ನಾ ಇವನ್ನ ನಂಬಿ ಕುಂತಿದ್ದೆ."

"ನಾನೂ ಅಷ್ಟೇ ಅತ್ತೀ," ಎಂದಳು ಸೌಜನ್ಯ.

"ಆ ಮನಿಗೆ ನೀರು ಬರತೈತೇನು?"

"ದಿನಾ ಬರತೈತ್ರಿ. ನಿಮಗೊಂದು ಖೋಲಿನೂ ಐತಿ."

"ಹಂಗಾರ ನಡಿ, ನೋಡಿ ಬರೋಣ."

ಹಾಲೇಶ ಬಸ್‌ಸ್ಟ್ಯಾಂಡಿನ ತನಕ ಅವರ ಹಿಂದೆ ಓಡಿದ. ಎರಡು ಬಣ ಒಂದಾಗಿ ಎದ್ದು ಹೋಗುವುದನ್ನು ಅವನು ಯಾವ ಆಟದಲ್ಲೂ ಕಂಡಿರಲಿಲ್ಲ. ಅವರು ಹೊಸಪೇಟೆ ಬಸ್ಸು ಹತ್ತಿ ಒಂದೇ ಸೀಟಿನಲ್ಲಿ ಕುಳಿತರು. ಅವನು ಕಿಟಕಿಯ ಕೆಳಗೆ ನಿಂತ.

"ಅವ್ವಾ, ನಾನೂ ಬರ್ಲೇನು?"

ಅವ್ವ ಸಿಟ್ಟಾಗಲಿಲ್ಲ. "ನಿನ್ನಿಷ್ಟಪ್ಪ. ಬಾ ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ."

ಹಾಲೇಶ ಸೌಜನ್ಯಳ ಕಡೆ ತಿರುಗಿದ.

"ಹೌದ್ರಿ. ನಿಮ್ಮಿಷ್ಟ," ಎಂದಳು ಅವಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್‌ಸ್ಟ್ಯಾಂಡು ಎಂಬುದನ್ನೂ ಮರೆತು ಹಾಲೇಶ ಕಣ್ಣೀರು ಹಾಕಿದ.

"ಹತ್ತೋದಿದ್ರ ಜಲ್ದಿ ಹತ್ರಿ," ಎಂದ ಕಂಡಕ್ಟರ್.

"ಒಂದ್ನಿಮಿಷ ತಡೀರಿ, ಯೋಚನಿ ಮಾಡ್ತೀನಿ," ಎಂದ ಹಾಲೇಶ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವು ದಾಟುವವರೆಗೂ ಹಾಲೇಶ ಅಲ್ಲೇ ನಿಂತು ಯೋಚನೆ ಮಾಡಿದ.