ಬಾವಿಕಟ್ಟೆಯ ಸ್ನಾನ

ಅಪ್ಪನ ಕಡೆಯ ಸ್ನಾನಕ್ಕೆ ಹಿತ್ತಲ ಬಾವಿಯಿಂದ ನೀರು ಸೇದುತ್ತ ಅಂಬುಜಾ ತನಗೆ ತಾನೇ ಒಪ್ಪಿಕೊಂಡಳು: ಹೇಳಬೇಕಾದ ಮಾತು ಇವತ್ತೂ ಗಂಟಲಲ್ಲೇ ಉಳಿದುಬಿಡುತ್ತದೆ. ಬಿ.ಎ. ಮುಗಿಸಿದವಳಿಗೆ ನಾಲ್ಕು ಜನರೆದುರು ಬಾಯಿ ಬಿಡಲು ಬಾರದು.

ಅಮ್ಮ ಅನಂತಲಕ್ಷ್ಮಿ ಅಡುಗೆಮನೆಯ ಗೋಡೆಗೆ ಒರಗಿ ಕೂತವರು ಬೆಳಗಿನಿಂದ ಎದ್ದಿರಲಿಲ್ಲ. ರಾಜಾಜಿನಗರದ ಆ ಹೊಸ ಬೀದಿಯ ನಾಲ್ಕಾರು ಮನೆಯವರೂ ಅಂಗಳದಲ್ಲಿ ನೆರೆದಿದ್ದರು. ಗೇಟು ಕಿರುಗುಟ್ಟಿದಾಗಲೆಲ್ಲ ಎಲ್ಲರ ಕಣ್ಣೂ ಅತ್ತ ಹೊರಳುತ್ತಿತ್ತು.

“ಬಂದಾಳು ಅಂತೀರಾ?” ಎದುರುಮನೆಯಾಕೆ ಪಿಸುಗುಟ್ಟಿದರು.

“ಯಾವ ಮುಖ ಇಟ್ಕೊಂಡು ಬರ್ತಾಳೆ?” ಅಂದರು ಪಕ್ಕದ ಮನೆಯ ಯಶೋದಮ್ಮ. “ಹಾಲಿನ ಮರಿಯಪ್ಪ ಕಣ್ಣಾರೆ ನೋಡಿದಾನೆ. ಮುಂಜಾನೆ ಮಂಜಲ್ಲಿ, ಖಾಲಿ ಸೈಟುಗಳ ಹತ್ರ, ಈ ಮನೆ ರಾಯರ ಜೊತೆ ಒಬ್ಬಳು ನಗ್ತಾ ಇದ್ದಳಂತೆ.”

“ಅದಕ್ಕೇ ಅನ್ನಿ, ಒಳಗೆ ಕಾಲಿಡೋಕೆ ಮುಂಚೆ ದಿನಾ ಬಾವಿಕಟ್ಟೇಲಿ ತಲೆಗೆ ಸ್ನಾನ.”

“ಮಡಿವಂತರು, ಪಾಪ.”

*

ಹುಡುಗರಾಗಿದ್ದಾಗ ದಂಡು ಪ್ರದೇಶದಲ್ಲಿ ಸಿಪಾಯಿಗಳ ಫುಟ್ಬಾಲು ನೋಡಿ ಅಪ್ಪ ಸೇತುರಾಮಯ್ಯನವರಿಗೆ ಹತ್ತಿದ ಹುಚ್ಚು ಅದು. ಚರ್ಮದ ಚೆಂಡು, ಮನೆಗೆ ತರುವಂತಿಲ್ಲ. ಅರ್ಧ ಕಟ್ಟಿ ಬಿಟ್ಟ ಮನೆಯೊಂದರ ಮೂಲೆಯಲ್ಲಿ ಬಚ್ಚಿಟ್ಟಿರುತ್ತಿದ್ದರು. ಮುಟ್ಟಿದ ದಿನ ಸ್ನಾನ ತಪ್ಪಿಸುತ್ತಿರಲಿಲ್ಲ.

ಒಳ್ಳೆ ವರ ಸಿಗಲೆಂದು ಅಶ್ವತ್ಥಕಟ್ಟೆ ಸುತ್ತಿಬರಲು ಅಮ್ಮ ಕಳಿಸಿದ್ದ ಅಂಬುಜಾ, ಒಂದು ಮುಂಜಾನೆ ದಾರಿಯಲ್ಲಿ ಅಪ್ಪನನ್ನು ಕಂಡು ನಿಂತಳು. ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಅವರು ಬೇರೆಯೇ ಮನುಷ್ಯರಂತಿದ್ದರು. ಅಲ್ಲಿಗೆ ಪ್ರದಕ್ಷಿಣೆ ನಿಂತಿತು.

“ಒದೀಬೇಡ ಕಣೇ ಅಂಬು. ಬರ್ಲಿ ಬಿಡು. ತಾಗೋ ಹೊತ್ತಿಗೆ ಪಾದ ಚೂರು ಹಿಂದಕ್ಕೆ ತಗೋ. ನಿದ್ದೆ ಹೋದ ಮಗೂನ ಕೈಗೆ ತಗೊಳ್ಳೋ ಹಾಗೆ.”

ಎಷ್ಟೋ ದಿನ ಚೆಂಡು ಪುಟಿದು ಕಳ್ಳಿಬೇಲಿಗೆ ಓಡಿತು. ಕಡೆಗೊಮ್ಮೆ ಅವಳ ಪಾದದ ಬಳಿ ಸುಮ್ಮನೆ ನಿಂತಿತು. ಅವಳು ನಕ್ಕಳು, ಮನೆಯಲ್ಲಿ ಎಂದೂ ನಗದಷ್ಟು ಗಟ್ಟಿಯಾಗಿ.

“ಅಮ್ಮಂಗೆ ಹೇಳ್ಬೇಡ,” ಅಂದರು ಅಪ್ಪ. “ಚರ್ಮ ಒದೆಯೋ ಹುಡುಗಿ ಅಂತ ಗೊತ್ತಾದ್ರೆ, ಹೆಣ್ಣು ಕೇಳ್ಕೊಂಡು ಯಾರೂ ನಮ್ಮ ಮೆಟ್ಟಿಲು ಹತ್ತಲ್ಲ.”

*

ಸ್ನಾನ ಮುಗಿದು ಚಟ್ಟ ಸಿದ್ಧವಾಯಿತು. ಚಿಕ್ಕಪ್ಪ ವೆಂಕಟಗಿರಿ ಅಡುಗೆಮನೆಗೆ ಬಂದರು.

“ಅತ್ತಿಗೆ, ಹೊತ್ತಾಯ್ತು. ಬಂದು ಅಣ್ಣನ ಪಾದಕ್ಕೆ ನಮಸ್ಕಾರ ಮಾಡಿ.”

“ಎಲ್ಲೆಲ್ಲೋ ಹೋಗಿ ಬಂದು ತೊಳ್ಕೊಳ್ತಿದ್ದ ಪಾದ ಅದು. ಅವಳನ್ನೇ ಕರೆಸು ಗಿರಿ. ನಾನು ಬರಲ್ಲ.”

“ಜನ ನೋಡ್ತಾರೆ.”

“ನೋಡ್ಲಿ. ಇಷ್ಟು ದಿನ ನಾನೊಬ್ಬಳೇ ನೋಡಿದ್ದು.”

ಬಾಗಿಲಲ್ಲಿ ಹೆಂಗಸರು ಒತ್ತಿಕೊಂಡು ನಿಂತಿದ್ದರು. ಹೇಳಿದರೆ ಸಂಜೆಯೊಳಗೆ ಬೀದಿಯೆಲ್ಲ ತನ್ನದೇ ಮಾತು. ಹೇಳದಿದ್ದರೆ ಅಪ್ಪ ಹೀಗೇ ಹೋಗಿಬಿಡುತ್ತಾರೆ, ಅಮ್ಮ ಹೀಗೇ ಉಳಿದುಬಿಡುತ್ತಾರೆ. ಅಂಬುಜಾ ಕೈಯಲ್ಲಿದ್ದ ಖಾಲಿ ಕೊಡ ಕೆಳಗಿಟ್ಟಳು.

“ಅಮ್ಮ, ಮಂಜಲ್ಲಿ ನಕ್ಕೋಳು ನಾನು. ಅಪ್ಪ ನಂಗೆ ಚೆಂಡು ನಿಲ್ಲಿಸೋದು ಕಲಿಸ್ತಿದ್ರು. ಚರ್ಮದ ಚೆಂಡು. ಅದಕ್ಕೇ ಸ್ನಾನ.”

ಅನಂತಲಕ್ಷ್ಮಿ ಮಗಳ ಮುಖವನ್ನೇ ದಿಟ್ಟಿಸಿದರು. ಆಮೇಲೆ ಕೈಚಾಚಿ ಅವಳ ಸೀರೆಯ ಅಂಚು ಎತ್ತಿದರು. ಎಡಗಾಲ ಹೆಬ್ಬೆರಳಿನ ಉಗುರು ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಅದನ್ನು ಒಮ್ಮೆ ಒತ್ತಿ ನೋಡಿ, ಗೋಡೆ ಹಿಡಿದು ಎದ್ದು, ಹೆಂಗಸರ ನಡುವೆ ಹಾದು ಅಂಗಳಕ್ಕೆ ನಡೆದರು. ಗಂಡನ ಕಾಲ ಬಳಿ ಕೂತು, ಹೊದಿಸಿದ್ದ ಬಟ್ಟೆ ಸರಿಸಿ, ಒಂದೊಂದೇ ಉಗುರನ್ನು ಬೆಳಕಿಗೆ ತಿರುಗಿಸಿ ನೋಡತೊಡಗಿದರು.